ಅಂತೆ

ಜುಲೈ. ಡನೀಡನ್ನಿಗೆ ದಕ್ಷಿಣದ ಹಿಮದ ಕಡೆಯಿಂದ
ಗಾಳಿ ನುಗ್ಗುವ ತಿಂಗಳು.
ಗ್ರಂಥಾಲಯದ ಮೂರನೆಯ ಮಹಡಿಯಲ್ಲಿ ಫರ್ಗಸ್ ಟ್ಯಾವೆಂಡೇಲ್
ಕೋಟು ಬಿಚ್ಚದೆ ಕೂತು
ಮೈಕ್ರೋಫಿಲ್ಮಿನ ಹಿಡಿಕೆ ತಿರುಗಿಸುತ್ತಾನೆ:
ಉಣ್ಣೆಯ ಧಾರಣೆ, ಹಡಗಿನ ವೇಳೆ, ಯಾರದೋ ಮದುವೆ, ಯಾರದೋ ಸಾವು,
ಸಾವಿರದ ಒಂಬೈನೂರ ಎಪ್ಪತ್ತಾರು
ಕುಂಯ್‌ಗುಡುತ್ತ ಹಿಂದಕ್ಕೆ ಓಡುತ್ತದೆ.

ಬೆನ್ನು ಕೆಡುವ ತನಕ ಬಂದರಿನಲ್ಲಿ ಕ್ರೇನು ನಡೆಸಿದವನು.
ಈಗ ವಿಶ್ವಕೋಶಕ್ಕೆ ಬರೆಯುತ್ತಾನೆ,
ಸಂಬಳವಿಲ್ಲ, ಹೆಸರೂ ಇಲ್ಲ.
ವಿಷಯ: ‘ಗಂಟೆ ಯಾರದು?’
ಗುರುವಾರ ಸಂಜೆ ನೇರವಾಗಿ ಬರುತ್ತಿದ್ದ ಟಿ.ವಿ. ಆಟ.
ಇಬ್ಬರು ಸ್ಪರ್ಧಿಗಳು, ಒಂದೇ ಗಂಟೆ, ಎರಡು ಹಗ್ಗ,
ಮೊದಲು ಎಳೆದವರಿಗೆ ಮಾತು,
ಗೆದ್ದವರಿಗೆ ವಾಷಿಂಗ್ ಮಷೀನು.
ಎಷ್ಟು ಬರೆದರೂ ವಾಕ್ಯದ ಬಾಲಕ್ಕೆ
ಯಾರೋ ಕಾಣದವರು ಚೀಟಿ ಅಂಟಿಸುತ್ತಾರೆ:
ಆಧಾರ ಕೊಡಿ.

ಆಧಾರ.
ಟೇಪುಗಳಿದ್ದವು. ಕೆಲವನ್ನು ಅಳಿಸಿ ರಗ್ಬಿ ತುಂಬಿದರು,
ಉಳಿದವಕ್ಕೆ ಕುರಿ ಹರಾಜು.
ನಿರೂಪಕ ಲಾಕ್ಲನ್ ಬ್ರ್ಯಾನಕ್ ಬರೆದ ಪುಸ್ತಕವಿದೆ,
ಅಚ್ಚು ಹಾಕಿಸಿದವನೂ ಅವನೇ, ಮುನ್ನುಡಿ ಹೆಂಡತಿಯದು.
ತನ್ನ ಬೆನ್ನು ತಾನೇ ತಟ್ಟಿಕೊಂಡ ಕೈ
ಸಾಕ್ಷಿಗೆ ಬಾರದು.
ಗಂಟೆಯೇ ಇದೆ, ಓಮರೂವಿನ ಒಂದು ಪಬ್ಬಿನಲ್ಲಿ,
ರಾತ್ರಿ ಹತ್ತಕ್ಕೆ ಕುಡಿದವರನ್ನು ಮನೆಗಟ್ಟಲು ಬಾರಿಸುತ್ತಾರೆ.
ಹಿತ್ತಾಳೆ ಏನು ಹೇಳಿದರೂ ಅಡಿಟಿಪ್ಪಣಿ ಆಗದು.
(ಹೋಗಿ ಬಂದ. ಬಾರಿಸಿಯೂ ಬಂದ.)

ಮತ್ತೆ ಮನೆಯ ಮಾತು:
ಅಮ್ಮ ಎಫೀ ಒಮ್ಮೆ ಆಡಿದ್ದಳು.
ಅವಳೇ ಮೊದಲು ಎಳೆದದ್ದಂತೆ.
ಬ್ರ್ಯಾನಕ್ ಆ ಕಡೆಗೇ ನೋಡಿದನಂತೆ.
ಉತ್ತರ ನಾಲಿಗೆ ತುದಿಯಲ್ಲಿತ್ತಂತೆ.
ಅವಳಿದ್ದಷ್ಟು ಕಾಲ ಪ್ರತಿ ಕ್ರಿಸ್‌ಮಸ್‌ಗೆ ಈ ಅಂತೆ
ಹುರಿದ ಕುರಿಮಾಂಸದ ಜೊತೆ ಮೇಜಿಗೆ ಬಂತು,
ಪ್ರತಿ ಸಲ ತುಸು ದಪ್ಪಗಾಗಿ.
ಒಂದು ವರ್ಷ ಉತ್ತರ ತಾಮ್ರ, ಮರುವರ್ಷ ಟಿಂಬಕ್ಟು.

ಅಂತೆಗೆ ವಿಶ್ವಕೋಶದಲ್ಲಿ ಜಾಗವಿಲ್ಲ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದಷ್ಟೇ ಅಲ್ಲ,
ಪ್ರತ್ಯಕ್ಷ ಕಂಡದ್ದನ್ನು ನೀನೇ ಇಟ್ಟುಕೋ ಎನ್ನುತ್ತದೆ.
ಫರ್ಗಸ್ ಕಂಡಿದ್ದ. ಆಗ ಒಂಬತ್ತು ವರ್ಷ.
ಮನೆಯ ಕಪ್ಪು ಬಿಳುಪು ಡಬ್ಬಿಯಲ್ಲಿ
ಬೂದು ಅಮ್ಮ, ಬೂದು ಹಗ್ಗ, ಬೂದು ಗಂಟೆ.
ಪಕ್ಕದ ಮನೆಯಲ್ಲಿ ಎರವಲು ಪಡೆದ ಕಾರ್ಡಿಗನ್ ತೊಟ್ಟು
ಅವನು ಶಾಲೆಯಿಂದ ಬರುವ ಮೊದಲೇ ಹೊರಟು
ಅದನ್ನು ಅಲ್ಲೇ ಬಿಚ್ಚಿ ಕೊಟ್ಟು
ಅವನು ಮಲಗಿದ ಮೇಲೆ ಬಂದವಳು.

ಸಂಜೆ ನಾಲ್ಕು. ಗ್ರಂಥಪಾಲಕಿ ಮೀರಿಯಾಮಾ ದೀಪ ಹಾಕಿದಳು.
ಹತ್ತನೆಯ ಪುಟ, ಓದುಗರ ಪತ್ರಗಳು.
ರಸ್ತೆಯ ಗುಂಡಿ, ನಾಯಿಯ ಕಾಟ, ಅದರ ಕೆಳಗೆ:
‘ಸಂಪಾದಕರೇ, ಗುರುವಾರದ ಆಟದಲ್ಲಿ ಅನ್ಯಾಯವಾಗಿದೆ.
ಹಸಿರು ಕಾರ್ಡಿಗನ್ ತೊಟ್ಟ ಹೆಂಗಸು ಮೊದಲು ಎಳೆದದ್ದನ್ನು
ನಮ್ಮ ಮನೆಯ ಐದು ಜನ ನೋಡಿದ್ದೇವೆ.
ಡಬ್ಲ್ಯು. ಹೌಡನ್, ಪೋರ್ಟ್ ಚಾಮರ್ಸ್.’

ಹಸಿರು.
ಹೌಡನ್ ಮನೆಯಲ್ಲಿ ಕಲರ್ ಟಿ.ವಿ. ಇದ್ದಿರಬೇಕು.
ಯಂತ್ರದ ಗಾಜಿನ ಮೇಲೆ ಇಲ್ಲೂ ಎಲ್ಲ ಕಪ್ಪು ಬಿಳುಪೇ,
ಆದರೂ ಬೂದು ಅಮ್ಮ
ಮೊದಲು ಕಾಲರಿನ ಹತ್ತಿರ, ಆಮೇಲೆ ತೋಳಿನುದ್ದಕ್ಕೆ,
ಹಗ್ಗ ಹಿಡಿದ ಮಣಿಕಟ್ಟಿನ ತನಕ
ಹಸಿರಾಗುತ್ತ ಬಂದಳು.
ಅವನ ಕೈ ಹಿಡಿಕೆಯ ಮೇಲೇ ನಿಂತಿತು.

ಓದುಗರ ಪತ್ರ ಆಧಾರವಲ್ಲ. ನಿಯಮ ಬಾಯಿಪಾಠ.
ಕಂಡಕಂಡವರು ಬರೆಯುತ್ತಾರೆ, ತಾಳೆ ನೋಡುವವರಿಲ್ಲ.
ಹೋದ ತಿಂಗಳು ಇನ್ನೊಬ್ಬರ ಲೇಖನದಿಂದ
ಇಂಥದ್ದನ್ನೇ ಅವನು ಕಿತ್ತು ಹಾಕಿದ್ದಾನೆ,
ತುಸು ಖುಷಿಯಿಂದಲೇ.

ಪ್ರತಿಗೆ ಇಪ್ಪತ್ತು ಸೆಂಟು.
ಸಿಕ್ಕಿತೇ? ಎಂದಳು ಮೀರಿಯಾಮಾ.
ಇಲ್ಲ ಎಂದ. ಎರಡು ಪ್ರತಿ ತೆಗೆದ.

ಆ ರಾತ್ರಿ ಲೇಖನಕ್ಕೆ ಸೇರಿದ್ದು ಒಂದೇ ಸಾಲು:
ಕಾರ್ಯಕ್ರಮವು ಗುರುವಾರ ಏಳೂವರೆಗೆ ಪ್ರಸಾರವಾಗುತ್ತಿತ್ತು.
ಆಧಾರ, ಪತ್ರಿಕೆಯ ಟಿ.ವಿ. ಪಟ್ಟಿ, ಪುಟ ಹದಿನಾಲ್ಕು.
ಚೀಟಿ ಅಂಟಿಸಲು ಯಾರೂ ಬರಲಿಲ್ಲ.

ಎರಡನೆಯ ಪ್ರತಿ ಇನ್ವರ್ಕಾರ್ಗಿಲ್‌ಗೆ, ಅಕ್ಕ ರೋನಾಗೆ ಅಂಚೆಯಲ್ಲಿ ಹೋಯಿತು.
ವಾರದ ಮೇಲೆ ಫೋನು:
ಹಸಿರೇ? ಯಾರು ಹೇಳಿದ್ದು?
ನೀಲಿಯಂತೆ ಕಣೋ.