ಇಪ್ಪತ್ತೊಂದು ಇಂಚಿಗೊಮ್ಮೆ

ಪಾಲಿಬೆಟ್ಟದ ಬಂಗಲೆಯ ಹಳೇ ಪರದೆ
ಜೀಪಿನ ಹಿಂದಿನ ಸೀಟಿನಲ್ಲಿ ಕೂತು
ವಿರಾಜಪೇಟೆಗೆ ಬಂತು,
ಆಸ್ಪತ್ರೆಗೆ ಕರೆತಂದ ಅಜ್ಜಿಯ ಹಾಗೆ
ಎರಡು ಬೆಡ್‌ಶೀಟು ಹೊದ್ದು.
ದೇಚಕ್ಕ ಅಂದರು: ಮೊಯ್ದು, ಹನ್ನೆರಡು ಕುಶನ್ ಕವರ್.
ಹೂವು ನಡುಮಧ್ಯಕ್ಕೇ ಬರಬೇಕು.
ಶನಿವಾರ ಗೆಸ್ಟುಗಳಿದ್ದಾರೆ.

ಬಟ್ಟೆ ಕಂಡರೆ ನಾನು ಹೂವು ನೋಡುವವನಲ್ಲ,
ಅದೇ ಹೂವು ಮತ್ತೆಲ್ಲಿ ಬರುತ್ತದೆಂದು ನೋಡುವವನು.
ಲುಂಗಿಯ ಚೌಕಳಿ ಕೂಡಲೇ ಸಿಕ್ಕಿಬೀಳುತ್ತದೆ.
ನೈಟಿಯ ಗುಲಾಬಿ ಗೇಣಿಗೊಮ್ಮೆ ಹಲ್ಲು ಕಿರಿಯುತ್ತದೆ.
ಇದು ಮಾತ್ರ
ಮಧ್ಯಾಹ್ನದ ಬಾಂಗಿನಿಂದ ಸಂಜೆಯ ಬಾಂಗಿನವರೆಗೂ
ಸಿಗಲಿಲ್ಲ.

ಒಂದು ಬಳ್ಳಿಯ ಬೆನ್ನುಹತ್ತಿ ಹೊರಟೆ.
ಅದು ಎಲೆಯಡಿ ನುಸುಳಿತು.
ಎಲೆ ಮಗ್ಗುಲು ಬದಲಿಸಿ ಬೆನ್ನು ತೋರಿಸಿತು,
ಬೆನ್ನಲ್ಲಿ ತಿಳಿನೀಲಿ ನರ,
ನನ್ನ ಮುಂಗೈಯಲ್ಲಿ ಇರುವಂಥವೇ.
ಬಳ್ಳಿ ಇನ್ನೆಲ್ಲೋ ಎದ್ದು
ಹೂವಿನ ಹೆಗಲು ಹತ್ತಿ ಆಚೆ ಇಳಿಯಿತು.
ಹೂವಿನ ಸಂದಿಗೆ ಮೊಗ್ಗು, ಮೊಗ್ಗಿನ ಸಂದಿಗೆ ಚುಕ್ಕಿ,
ಬೆರಳಿಡಲು ಖಾಲಿ ಇಲ್ಲ,
ಆದರೂ ಉಸಿರು ಕಟ್ಟುವುದಿಲ್ಲ.
ಮರ, ಮರಕ್ಕೆ ಹಬ್ಬಿದ ಮೆಣಸು, ನೆರಳಲ್ಲಿ ಕಿತ್ತಳೆ,
ಅದರಡಿ ಕಾಫಿ, ಕಾಲಬುಡದಲ್ಲಿ ಏಲಕ್ಕಿ:
ತೋಟ ಹಾಕಿದವನೇ ಕೂತು ಬರೆದಂತಿದೆ,
ಈ ತೋಟ ಅವನು ಕಂಡೇ ಇರಲಿಕ್ಕಿಲ್ಲ.

ಯಾವ ಹೂವಿದು?
ದಾಳಿಂಬೆ, ಅಂದಳು ಕಾಜಾ ಹಾಕುವ ಲಿಲ್ಲಿ.
ಟ್ಯುಲಿಪ್, ಅಂದರು ಫೋನಿನಲ್ಲಿ ದೇಚಕ್ಕ.
ಕೈಲ್‌ಪೊಳ್ದ್‌ನಂದು ಕೋವಿಯ ಬಾಯಿಗೆ ಸಿಕ್ಕಿಸುವ
ತೋಕ್‌ಪೂವಿನ ಅಂಚು ನನಗೆ ಕಂಡಿತು.
ಮೂವರೂ ಸರಿ ಇರಬೇಕು.
ಹೂ ಬಿಡಿಸಿದವನಿಗೆ
ಹೆಸರಿಗಿಂತ ತೊಟ್ಟು ಮುಖ್ಯವಾಗಿತ್ತು,
ತೊಟ್ಟು ಎಲ್ಲಿಂದ ಹೊರಟಿತೆಂಬ ಲೆಕ್ಕ
ಒಂದು ಕಡೆಯೂ ತಪ್ಪಿಲ್ಲ.

ಭೂತಕನ್ನಡಿ ಹಾಕಿದ ಮೇಲೆ ಸಿಕ್ಕಿತು:
ಸೂಜಿಮೊನೆಯಷ್ಟು ಕೆಂಪು,
ಮರದಚ್ಚನ್ನು ಎಲ್ಲಿಡಬೇಕೆಂದು
ಅಚ್ಚೊತ್ತುವವನು ತನಗೆ ತಾನೇ ಇಟ್ಟುಕೊಂಡ ಗುರುತು.
ಅಲ್ಲಿಂದ ಟೇಪು ಹಿಡಿದೆ. ಇಪ್ಪತ್ತೊಂದು ಇಂಚು.
ಮೂರನೇ ಸಾಲಿನಲ್ಲಿ ಅವನ ಕೈ
ಕೂದಲೆಳೆಯಷ್ಟು ಜಾರಿದೆ,
ನೀಲಿ ದಂಟು ಕೆಂಪನ್ನು ಮುಟ್ಟಿಲ್ಲ.
ಯಾವ ಊರಿನವನೋ, ಊಟದ ಹೊತ್ತೋ,
ಯಾರಾದರೂ ಕರೆದರೋ.

ಗಾಳಿ ತಾಗದ ಮಡಿಕೆ ಬಿಡಿಸಿದೆ.
ನೀಲಿ ಅಲ್ಲಿ ಇನ್ನೂ ಇತ್ತು,
ಬಂಗಲೆಯವರು ನೂರು ವರ್ಷ ನೋಡಿದ್ದು
ಬರೀ ಬೂದಿ.

ಕೆಳಗಿನ ಮೂಲೆಯಲ್ಲಿ, ಇಲಿ ಕಡಿದ ಜಾಗದಲ್ಲಿ,
ಯಾರೋ ರಫೂ ಮಾಡಿದ್ದರು.
ನನಗಿಂತ ಸಣ್ಣ ಹೊಲಿಗೆ, ನಾಚಿಕೆಯಾಯಿತು.
ಹೋದ ಹೂವನ್ನು ಅವರು ಮತ್ತೆ ತುಂಬಿರಲಿಲ್ಲ.
ಆ ಹೂವು ಗೊತ್ತಿರಲಿಲ್ಲವೋ,
ಗೊತ್ತಿದ್ದೂ ಬೇಡವಾಯಿತೋ,
ಬಿಳಿ ನೂಲಲ್ಲಿ ಐದೆಸಳು,
ಗೆಣ್ಣಿಗೆ ಒತ್ತಾಗಿ ಕೂತ ಕಾಫಿ ಹೂ.
ಸಾಹೇಬರ ಬಳ್ಳಿ ಅದನ್ನೂ ಬಳಸಿಕೊಂಡು
ಏನೂ ಆಗದವರಂತೆ ಮುಂದೆ ಹೋಗಿತ್ತು.

ಶುಕ್ರವಾರ ರಾತ್ರಿ ಹನ್ನೆರಡೂ ಮುಗಿಸಿದೆ.
ಹನ್ನೊಂದರ ನಡುವೆ ದಾಳಿಂಬೆ, ಟ್ಯುಲಿಪ್, ತೋಕ್‌ಪೂ,
ಯಾವುದೆಂದರೆ ಅದು.
ಒಂದರ ನಡುವೆ ಆ ಬಿಳಿ.

ಭಾನುವಾರ ಫೋನು:
ಮೊಯ್ದು, ಒಂದರಲ್ಲಿ ಹೂವು ಬೇರೆ ಉಂಟಲ್ಲ,
ಅದನ್ನು ಬಿಚ್ಚಲಿಕ್ಕೆ ಆಗ್ತದಾ?

ಆಗ್ತದೆ ಅಕ್ಕ, ಅಂದೆ.
ಅದರಡಿ ತೂತಿದೆ.