ಎರಡು ಬಾಯಿ, ಒಂದು ಕಿವಿ

ಬೊರ್ಮ್ಲಾದ ಇಳಿಜಾರಿನಲ್ಲಿ, ಸುಣ್ಣಕಲ್ಲನ್ನೇ ಕೊರೆದ ಗ್ಯಾರೇಜು.
ಒಳಗೆ ಅರವತ್ತೆರಡರ ರೈಲಿ: ಕೆನೆಬಣ್ಣ, ಕೆಂಪು ಸೀಟು.
ಶನಿವಾರ ಹತ್ತಕ್ಕೆ ಮದುಮಗಳನ್ನು ಕೂರಿಸಿಕೊಂಡು
ಚರ್ಚಿನ ಏರು ಹತ್ತಬೇಕು.
ಇವತ್ತು ಗುರುವಾರ.
‘ಪಾವ್ಲಾದ ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಕೆಮ್ಮುತ್ತದೆ,
ಹುಡುಗಿಯ ಮುಸುಕೆಲ್ಲ ಪೆಟ್ರೋಲು ನಾರಿದರೆ
ಅವಳಮ್ಮ ನನ್ನ ಚರ್ಮ ಸುಲಿಯುತ್ತಾಳೆ’
ಎಂದು ಸ್ಪಿರು ಕೀಲಿ ಎಸೆದು ಹೋದ.

ನೇನು ಮಾವ ಬಾನೆಟ್ ಎತ್ತಿದ.
ಗಾಳಿ ಸೋಸುವ ಡಬ್ಬಿಗಳನ್ನು ಬಿಚ್ಚಿ ಹಳೇ ಪೇಪರಿನ ಮೇಲಿಟ್ಟ.
ಕಂಡವು ಎರಡು ಬಾಯಿ, ಪಕ್ಕಪಕ್ಕ,
ಗೂಡಿನ ಮರಿಗಳ ಹಾಗೆ, ಮುಚ್ಚಲು ಕಲಿಯದವು.
‘ಕಾರ್ಬ್ಯುರೇಟರ್ ಒಂದೇ ಇದ್ದರೆ ಪಾದ್ರಿಯ ಬಾಳು, ಚೆತ್ತಾ.
ಎರಡಾದವೋ, ಎತ್ತು ಏರಿಗೆ, ಕೋಣ ನೀರಿಗೆ.’

ಎಂಜಿನ್ ಕಾಯಲಿ ಎಂದು ಕಾದೆವು.
ಗಾಜಿನ ಲೋಟದ ಚಹಾ ಮಡ್‌ಗಾರ್ಡಿನ ಮೇಲೆ,
ಅದರೊಳಗೆ ಸಣ್ಣ ನಡುಕ,
ಮೂರು ಸರಿ, ಒಂದು ತಪ್ಪು, ಮೂರು ಸರಿ.

ಮಾವ ತನ್ನ ಎಡಗಿವಿಯನ್ನು
ಹಡಗುಕಟ್ಟೆಯ ನಾಲ್ಕನೇ ಡಾಕಿನಲ್ಲಿ ಬಿಟ್ಟುಬಂದವನು,
ಮೂವತ್ತೊಂದು ವರ್ಷ ಕಬ್ಬಿಣದ ಹೊಟ್ಟೆಯೊಳಗೆ ಕೂತು
ಸುತ್ತಿಗೆ ಬಡಿದು.
ಬಲಗಿವಿ ಇದೆ ಎಂದೇ ಊರು ನಂಬಿತ್ತು.
ನಾನೂ ನಂಬಿದ್ದೆ, ಹೋದ ತಿಂಗಳವರೆಗೆ:
‘ಮಧ್ಯಾಹ್ನದ ತೋಪು ಇನ್ನೂ ಹಾರಿಲ್ಲವೇ?’ ಎಂದು ಕೇಳಿದ್ದ.
ಹಾರಿ ಐದು ನಿಮಿಷವಾಗಿತ್ತು.
ಪಾರಿವಾಳಗಳು ಮರಳಿ ಬಂದು ಕೂತಾಗಿತ್ತು.

ಮೊಳದುದ್ದದ ರಬ್ಬರ್ ನಳಿಗೆ,
ಒಂದು ತುದಿ ಬಲಗಿವಿಗೆ, ಇನ್ನೊಂದು ಮುಂದಿನ ಬಾಯಿಗೆ.
ಕಣ್ಣು ಮುಚ್ಚಿದ. ಆಮೇಲೆ ಹಿಂದಿನ ಬಾಯಿಗೆ.
ಸ್ಕ್ರೂ ಕಾಲು ಸುತ್ತು. ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ.
‘ಸರಿಹೋಯ್ತು.’

ಸರಿಹೋಗಿರಲಿಲ್ಲ.
ನಳಿಗೆಯಿಲ್ಲದೆ, ಮಾರು ದೂರದಲ್ಲಿ ನಿಂತ ನನಗೇ ಕೇಳುತ್ತಿತ್ತು:
ಮುಂದಿನದು ಕಾದ ಬಾಣಲೆಗೆ ಬಿದ್ದ ಮೀನು,
ಹಿಂದಿನದು ಬರೀ ನಿಟ್ಟುಸಿರು.
ನಾನು ಬಾಯಿ ಬಿಡಲಿಲ್ಲ.
ಚಹಾದ ನಡುಕವನ್ನೇ ನೋಡುತ್ತ ನಿಂತೆ.
ಮಾವನೂ ಅದನ್ನೇ ನೋಡುತ್ತಿದ್ದ.

ನಳಿಗೆಯ ತುದಿಯನ್ನು ಅಂಗಿಗೆ ಒರೆಸಿದ, ಎರಡು ಸಲ.
ನನ್ನ ಕಡೆ ಚಾಚಿ
‘ಕಿವಿಗೊಡು’ ಎಂದ.

ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ ಮಾತು,
ಗದರಿಕೆಯಲ್ಲಿ, ಬುದ್ಧಿವಾದದಲ್ಲಿ.
ಕೊಡುವುದು ಎಂಬುದು ಅದರೊಳಗಿದೆಯೆಂದು
ಇವತ್ತಿನವರೆಗೆ ಹೊಳೆದಿರಲಿಲ್ಲ.

ಕೊಟ್ಟೆ.
ರಬ್ಬರಿನಲ್ಲಿ ಅವನ ಬಿಸಿ ಇನ್ನೂ ಇತ್ತು.
ಒಳಗೆ ಒಂದು ಇಡೀ ಬಿರುಗಾಳಿ, ಬೆರಳಗಲದ್ದು.
ನಾನು ಬೆರಳು ಎತ್ತಿದರೆ ಅವನು ಸ್ಕ್ರೂ ಬಿಗಿಮಾಡಿದ,
ಇಳಿಸಿದರೆ ಸಡಿಲಿಸಿದ,
ಕಣ್ಣು ಎಂಜಿನ್ನಿನ ಮೇಲಲ್ಲ, ನನ್ನ ಮುಖದ ಮೇಲೆ.
ಎರಡೂ ಮೀನು ಒಂದೇ ಬಾಣಲೆಗೆ ಬಂದ ಗಳಿಗೆ
ನನಗಿಂತ ಮೊದಲು ಅವನಿಗೆ ಗೊತ್ತಾಯಿತು.

ಆಮೇಲೆ ಹೊಟ್ಟೆಯಡಿಯ ನಟ್ಟು, ಆರು ಮುಖದ್ದು,
ಒಂದು ಸಲಕ್ಕೆ ಒಂದೇ ಮುಖ.
ಪಿನ್ನಿನಿಂದ ಪಿಸ್ಟನ್ನನ್ನು ಉಗುರು ದಪ್ಪ ಎತ್ತು.
ಓಟ ಏರಿ ಏರಿದಲ್ಲೇ ನಿಂತರೆ ಪೆಟ್ರೋಲು ಜಾಸ್ತಿ,
ಸೊರಗಿ ಸತ್ತರೆ ಗಾಳಿ ಜಾಸ್ತಿ,
ಚೂರು ಏರಿ, ನಾಚಿದಂತೆ ತನ್ನ ಜಾಗಕ್ಕೆ ಬಂದರೆ
ಕೈ ತೆಗೆ. ಮುಟ್ಟಬೇಡ. ಆಸೆ ಬೇಡ.
ನಾನು ಆಸೆಪಟ್ಟು ಇನ್ನೊಂದು ಮುಖ ತಿರುವಿ
ಮತ್ತೆ ಮೊದಲಿಂದ ಶುರು ಮಾಡಿದೆವು.

ಕೊನೆಗೆ ಎರಡನ್ನೂ ಜೋಡಿಸುವ ಸರಳಿನ ಕ್ಲಾಂಪು ಬಿಗಿದು
ಮಾವ ಅಂಗೈಯನ್ನು ಮಡ್‌ಗಾರ್ಡಿನ ಮೇಲೆ ಊರಿ ನಿಂತ,
ಜ್ವರ ನೋಡುವವರ ಹಾಗೆ, ತುಂಬಾ ಹೊತ್ತು.
ಚಹಾ ತಣ್ಣಗೆ, ಅಲುಗದೆ ಇತ್ತು. ಎತ್ತಿ ಕುಡಿದ.
‘ಸ್ಪಿರುಗೆ ಏನೂ ಹೇಳಬೇಡ’ ಎಂದ.
ಯಾವುದರ ಬಗ್ಗೆ ಎಂದು ನಾನು ಕೇಳಲಿಲ್ಲ.

ಶುಕ್ರವಾರ ತೋಪು ಹಾರಿದಾಗ
ಅವನು ಬೆನ್ನು ಹಾಕಿ ಪ್ಲಗ್ಗು ಉಜ್ಜುತ್ತಿದ್ದ.
ಹೋಗಿ ಭುಜ ತಟ್ಟಿದೆ.
ತಿರುಗಿ ನೋಡಲಿಲ್ಲ. ಕೈಗಡಿಯಾರ ಬಿಚ್ಚಿ
ಮುಳ್ಳನ್ನು ಮೂರು ನಿಮಿಷ ಮುಂದಕ್ಕೆ ಸರಿಸಿದ.