ದೋಷ ಕಂಡುಬಂದಿಲ್ಲ

ಕೌಠಾ ಸೇತುವೆ ಮ್ಯಾಲ, ಬರೋಬರಿ ನಡುವ,
ಗಾಡಿ ಸುಮ್ಮಗಾಯ್ತು.
ಕೆಮ್ಮಲಿಲ್ಲ, ನಡುಗಲಿಲ್ಲ,
ಮಾತಾಡ್ತಾ ಮಾತಾಡ್ತಾ ಎದ್ದು ಹೋದವರ ಹಂಗ
ಸುಮ್ಮಗಾಯ್ತು.
ಸ್ಟೇರಿಂಗ್ ಕಲ್ಲಾಯ್ತು. ಹಿಂದ ಕಬ್ಬಿನ ಟ್ರ್ಯಾಕ್ಟರ್,
ಎರಡು ಟ್ರೇಲರ್, ಡ್ರೈವರನ ಬಾಯಾಗ ನಮ್ಮವ್ವನ ಹೆಸರು.
ಕೆಳಗ ಮಾಂಜ್ರಾ, ತನ್ನ ಪಾಡಿಗೆ ತಾನು.

ಏಳು ತಿಂಗಳ ಗಾಡಿ ಅದು.
ಸೀಟಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ.
ಸಂತಪುರ ದವಾಖಾನಿಗೆ ಇಪ್ಪತ್ತು ವರ್ಷ
ಬಸ್ಸಿನಾಗ ನಿಂತು ಹೋದ ಕಾಲಿಗೆ
ನಾನೇ ಕೊಡಿಸಿದ್ದು.
ಚರ್ಚಿನ ಅಂಗಳದಾಗ ಪಾಸ್ಟರು ಬಾನೆಟ್ ಮ್ಯಾಲ ಕೈಯಿಟ್ಟು
ಪ್ರಾರ್ಥನೆ ಮಾಡಿದ್ರು. ಒಳಗ ಏನದ ಅಂತ
ಅವರಿಗೂ ಗೊತ್ತಿರಲಿಲ್ಲ.

ಶೋರೂಮಿನಾಗ ವೈರ್ ಹಚ್ಚಿ ಪರದೆ ನೋಡಿದ್ರು.
"ಮೇಡಂ, ಏನೂ ತೋರಿಸವಲ್ದು."
ಎರಡನೇ ಸಲ: ಏನೂ ತೋರಿಸವಲ್ದು.
ಐದನೇ ಸಲ ಬ್ಯಾಟರಿ ಬದಲಿಸಿದ್ರು.
ಆರನೇ ಸಲ, ನಿಮ್ಮ ಪೆಟ್ರೋಲೇ ಸರಿಯಿಲ್ಲ.
ಏಳನೇ ಸಲ ನನ್ನ ಚಪ್ಪಲಿ ನೋಡಿದ್ರು:
"ಹೆಣ್ಮಕ್ಕಳು ಕ್ಲಚ್ ಮ್ಯಾಲ ಕಾಲಿಟ್ಟೇ ಇರ್ತಾರ್ರಿ, ಅದಕ್ಕ."

ಪುಣೆಯ ನಂಬರಿಗೆ ಹಚ್ಚಿದರ
ನಿಮ್ಮ ಕರೆ ನಮಗೆ ಅಮೂಲ್ಯ ಅಂತದ ಒಂದು ದನಿ,
ಅಮೂಲ್ಯ ಅಮೂಲ್ಯ ಅನ್ಕೋತ
ಇಪ್ಪತ್ತು ನಿಮಿಷ ಸಿತಾರ್ ಬಾರಿಸ್ತದ.
ಕಂತು ಮಾತ್ರ ತಿಂಗಳ ಐದಕ್ಕ, ಹೊತ್ತು ಹೊಂಡೂದ್ರಾಗ,
ಒಂದು ಸಲನೂ ಸೇತುವೆ ಮ್ಯಾಲ ನಿಂತಿಲ್ಲ.

ನಾನು ನರ್ಸು. ಸಿಟ್ಟು ಬಂದರ ಚಾರ್ಟ್ ಬರೀತೀನಿ.
ಜ್ವರದ ಚಾರ್ಟಿನ ಕಾಗದದ ಮ್ಯಾಲೇ ಗೆರಿ ಹೊಡೆದು
ತಾರೀಖು, ತಾಸು, ಬಿಸಿಲು, ವೇಗ,
ಒಳಗ ಎಷ್ಟು ಮಂದಿ:
ಹನ್ನೊಂದು ಸಲ. ಹನ್ನೊಂದೂ ಹೊರಟ ಇಪ್ಪತ್ತು ನಿಮಿಷದ ಮ್ಯಾಲ,
ಒಂದೂ ಮುಂಜಾನೆ ತಂಪಿನಾಗಲ್ಲ.
ರಿಜಿಸ್ಟರ್ ಅಂಚಿಗೆ ಹಾಕಿದೆ.

ಉತ್ತರ ಬಂತು, ಇಸ್ತ್ರಿ ಮಾಡಿದ ಕನ್ನಡದಾಗ:
ಮಾನ್ಯ ಗ್ರಾಹಕರೇ, ತಮ್ಮ ವಾಹನವನ್ನು
ಕೂಲಂಕಷವಾಗಿ ಪರಿಶೀಲಿಸಲಾಗಿದೆ.
ದೋಷ ಕಂಡುಬಂದಿಲ್ಲ.
ದೂರನ್ನು ಮುಕ್ತಾಯಗೊಳಿಸಲಾಗಿದೆ.

ಓದಿ ಮಡಚಿಟ್ಟೆ. ಮತ್ತ ತೆಗೆದೆ.
ಈ ಮಾತು ಎಲ್ಲೋ ಕೇಳೀನಿ ಅನಿಸ್ತು.
ಕೇಳಿಲ್ಲ. ಹೇಳೀನಿ.

ಜೋಜನಾದ ಸೋಜರಬಾಯಿ.
ಮೂರು ಸಲ ಬಂದಿದ್ಳು, ಎದಿ ಹಿಡಕೊಂಡು.
ಮೂರೂ ಸಲ ಯಂತ್ರದ ಗೆರಿ ಸಾಫ್ ಬಂತು.
"ರಿಪೋರ್ಟ್ ನಾರ್ಮಲ್ ಅದ ಆಯಿ, ಗ್ಯಾಸು, ಮನಿಗೆ ಹೋಗು"
ಅಂದಾಕಿ ನಾನೇ, ಆಕಿ ಹಿಂದ ನಿಂತವರನ್ನ ನೋಡ್ಕೋತ.
"ಇಲ್ಲಿ ಬಂದರ ಸುಮ್ಮಗಾಗ್ತದ ಬಾಯಿ,
ಹೊಲದ ದಾರ್ಯಾಗ ಹಿಡೀತದ.
ನೀ ಒಂದು ಸಲ ನನ್ನ ಕೂಡ ನಡಿ."
ನಕ್ಕಿದ್ದೆ.
ನಾಕನೇ ಸಲ ಬರಲಿಲ್ಲ.

ಮರುದಿನ ಶೋರೂಮಿನಾಗ ಮ್ಯಾನೇಜರನ್ನ ಕೇಳಲಿಲ್ಲ.
ಕುರ್ಚಿ ಬ್ಯಾಡ, ಚಹಾ ಬ್ಯಾಡ ಅಂದೆ.
ಪಾನಾ ಹಿಡಿದು ನಿಂತ ಹುಡುಗ, ಜುನೇದ, ಅವನನ್ನ ಕರೆದೆ:
"ಒಂದು ಸಲ ನನ್ನ ಕೂಡ ನಡಿ."

ಜನವಾಡಾ ದಾಟಿದಿವಿ. ಮಧ್ಯಾಹ್ನ ಎರಡು.
ತನ್ನ ತಂಗಿನೂ ನರ್ಸಿಂಗ್ ಓದ್ತಾಳ ಅಂತ
ಅಂವ ಹೇಳ್ಲತ್ತಿದ್ದ.
ಸೇತುವೆ ಬಂತು.
ನಡುವ,
ಸುಮ್ಮಗಾಯ್ತು.

ಜುನೇದ ಬಾನೆಟ್ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.
"ಹಿಂಗೇ ಇನ್ನ ಮೂರು ಗಾಡಿ ಬಂದಾವ ಮೇಡಂ.
ಹೇಳಬ್ಯಾಡ ಅಂದಾರ."
ಆಮ್ಯಾಲ ತೊಡಿ ಮ್ಯಾಲ ಜಾಬ್ ಕಾರ್ಡ್ ಇಟ್ಟು
ಎಣ್ಣಿ ಬೆರಳಿನಾಗ ಪೆನ್ನು ಹಿಡಿದು, ಭಾಳ ಹೊತ್ತು ತಡೆದು,
ಬರೆದ: ಬಂದ್ ಬಿತ್ತು. ನಾ ಒಳಗಿದ್ದೆ.

ಆ ಕಾಗದ ಈಗ ಗ್ರಾಹಕರ ಕೋರ್ಟಿನಾಗದ.
ಮುಂದಿನ ತಾರೀಖು ಹದಿನೆಂಟು.
ಜುನೇದನ ಕೆಲಸ ಹೋಗ್ಯದ; ಮೈಲೂರ ಕ್ರಾಸಿನಾಗ ಪಂಕ್ಚರ್ ಹಾಕ್ತಾನ.
ಒಬ್ಬ ಹುಡುಗನ ಅಕ್ಷರ ಪುರಾವೆ ಹೆಂಗಾಗ್ತದ ಅಂತ
ಕಂಪನಿ ವಕೀಲ ಕೇಳ್ತಾನ.

ನಾನು ಮತ್ತ ಬಸ್ಸಿಗೆ ಹೋಗ್ತೀನಿ.
ದವಾಖಾನ್ಯಾಗ ಯಂತ್ರ ಗೆರಿ ಬಿಡ್ತದ, ಸಾಫ್.
ಹರಿದು ಟೇಬಲ್ ಮ್ಯಾಲ ಬೋರಲು ಇಡ್ತೀನಿ.
"ಎಲ್ಲಿ ಹಿಡೀತದ ಆಯಿ, ಯಾವ ದಾರ್ಯಾಗ, ಹೇಳು" ಅಂತೀನಿ,
ಪೆನ್ನಿನ ಮುಚ್ಚಳ ತೆಗೆದು.